ಓದುವ ಕತೆ, ಆಡುವ ಕತೆ

ಗ್ರಂಥಾಲಯದ ಪುಸ್ತಕದಲ್ಲಿ ಏನನ್ನೂ ಗೀಚಬಾರದು ಎಂದು ಸುಮಾರು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಂಡು ಬಂದವಳು ನಾನು. ಹಾಗೆ ಹೇಳುವಾಗಲೆಲ್ಲ ಒಳಗೊಳಗೇ ಸ್ವಲ್ಪ ನಾಚಿಕೆಯಾಗುತ್ತದೆ. ಏಕೆಂದರೆ ಹದಿನಾರನೆಯ ವಯಸ್ಸಿನಲ್ಲಿ ನಾನೇ ಒಂದು ಬಾಡಿಗೆ ಕಾದಂಬರಿಯ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಎಂಟು ಸಾಲು ಬರೆದಿದ್ದೆ. ಸುಮ್ಮನೆ ಗೀಚಿದ್ದಲ್ಲ, ಬರೆದವರ ಮುಕ್ತಾಯ ಸರಿಯಿಲ್ಲವೆಂದು ನನ್ನದೇ ಒಂದು ಮುಕ್ತಾಯವನ್ನು ಕಟ್ಟಿದ್ದೆ!

ಅದು 1986ರ ಬೇಸಿಗೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಸಿ ಹೊನ್ನವಳ್ಳಿಯ ಮನೆಯಲ್ಲಿ ಫಲಿತಾಂಶಕ್ಕಾಗಿ ಕಾಯುತ್ತಿದ್ದೆ. ಅಣ್ಣ ತಿಪಟೂರಿನಲ್ಲಿ ಓದುತ್ತಿದ್ದ. ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಕ್ಕೆ ನಾಲ್ಕಾಣೆ ಬಾಡಿಗೆಯ ಮೇಲೆ ನನಗೂ ಅಮ್ಮನಿಗೂ ಕಾದಂಬರಿ ತರುತ್ತಿದ್ದ. ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ ಇವರೆಲ್ಲ ನಮ್ಮ ಮನೆಯ ನೆಂಟರಂತೆ ಬಂದು ಹೋಗುತ್ತಿದ್ದರು. ನಾನು ಗೀಚಿದ ಪುಸ್ತಕಕ್ಕೆ ಮಾತ್ರ ರಟ್ಟೂ ಇರಲಿಲ್ಲ, ಮೊದಲ ಎಂಟು ಪುಟಗಳೂ ಇರಲಿಲ್ಲ. ಎಷ್ಟು ಕೈ ದಾಟಿ ಬಂದಿತ್ತೋ! ಅದರ ನಾಯಕಿ ಮಲೆನಾಡಿನ ಒಂದು ಊರಿನಲ್ಲಿ ಮೇಡಂ. ಅವಳನ್ನು ಪ್ರೀತಿಸಿದವನು ಸಿರಿವಂತರ ಮನೆಯ ಸಂಬಂಧ ಬಂತೆಂದು ಕೈಬಿಟ್ಟು ಹೋಗುತ್ತಾನೆ. ಆರು ವರ್ಷದ ಮೇಲೆ, ಹೆಂಡತಿ ತೀರಿಕೊಂಡ ಮೇಲೆ, ತಪ್ಪಾಯಿತೆಂದು ಹುಡುಕಿಕೊಂಡು ಬರುತ್ತಾನೆ. ಇವಳು ಕಾಫಿ ಮಾಡಿ ಕೊಡುತ್ತಾಳೆ, ಅವನ ಮಾತನ್ನೆಲ್ಲ ಕೇಳುತ್ತಾಳೆ, ಬಸ್ಸಿನವರೆಗೂ ಹೋಗಿ ಬೀಳ್ಕೊಡುತ್ತಾಳೆ. ಮನೆಗೆ ಬಂದು ದೀಪ ಹಚ್ಚಿ ಉತ್ತರ ಪತ್ರಿಕೆ ತಿದ್ದಲು ಕೂರುತ್ತಾಳೆ. ಅಲ್ಲಿಗೆ ಕತೆ ಮುಗಿಯಿತು.

ನನಗೆ ಅಳುವೂ ಬಂತು, ಕೋಪವೂ ಬಂತು. ಇಷ್ಟು ಪುಟ ಓದಿಸಿ ಕೊನೆಗೆ ಉತ್ತರ ಪತ್ರಿಕೆಯೇ? ಅಣ್ಣನ ಪೆನ್ಸಿಲು ತೆಗೆದುಕೊಂಡು ಕೆಳಗಿದ್ದ ಖಾಲಿ ಜಾಗದಲ್ಲಿ ಬಸ್ಸನ್ನು ನಿಲ್ಲಿಸಿದೆ. ಅವಳನ್ನು ಓಡಿಸಿದೆ. ಅವನನ್ನು ಇಳಿಸಿದೆ. ಮರುತಿಂಗಳೇ ಮದುವೆಯನ್ನೂ ಮಾಡಿ ಮುಗಿಸಿದೆ. ಲೈಬ್ರರಿಯವನು ಅಣ್ಣನಿಂದ ಎರಡು ರೂಪಾಯಿ ದಂಡ ಕಟ್ಟಿಸಿಕೊಂಡ. ಅಣ್ಣ ಬಹಳ ದಿನ ನನ್ನನ್ನು "ಏನಮ್ಮಾ ಕಾದಂಬರಿಗಾರ್ತಿ" ಎಂದೇ ಕರೆಯುತ್ತಿದ್ದ.

ಈ ಹಳೆಯ ತಪ್ಪು ಮತ್ತೆ ನೆನಪಿಗೆ ಬಂದದ್ದು ಕಳೆದ ವರ್ಷದ ದಸರಾ ರಜೆಯಲ್ಲಿ, ಅದೇ ಅಣ್ಣನ ಮಗಳಿಂದ. ಅವಳನ್ನು ಮನೆಯಲ್ಲಿ ಪುಟ್ಟಿ ಎಂದೇ ಕರೆಯುವುದು. ಇಪ್ಪತ್ತಾರು ವರ್ಷ, ಬೆಂಗಳೂರಿನಲ್ಲಿ ಕೆಲಸ. ಅವಳಿಗೆ ತುರುವೇಕೆರೆ ಕಡೆಯ ಒಂದು ಸಂಬಂಧ ತಂದವಳು ನಾನೇ. ನಮ್ಮ ಶಾಲೆಯಲ್ಲಿ ಜೊತೆಗೆ ಕೆಲಸ ಮಾಡುವವರ ಕಡೆಯವರು. ಹುಡುಗ ಇಂಜಿನಿಯರು, ನಾಲ್ಕು ಎಕರೆ ತೆಂಗಿನ ತೋಟ, ಒಳ್ಳೆಯ ಜನ. ಭಾನುವಾರ ಬಂದು ನೋಡಿಕೊಂಡು ಹೋದರು. ಕೇಳಿದ್ದಕ್ಕೆಲ್ಲ ಪುಟ್ಟಿ ಚೆನ್ನಾಗಿಯೇ ಉತ್ತರ ಹೇಳಿದಳು. ಅವರು ಒಪ್ಪಿಗೆ ಕಳಿಸಿದರು. ಇವಳು ಮಾತ್ರ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. "ಒಂದು ವಾರ ಅತ್ತೆ ಮನೆಯಲ್ಲಿ ಇದ್ದು ಬರ್ತೀನಿ" ಎಂದು ಹೊನ್ನವಳ್ಳಿಗೆ ಬಂದುಬಿಟ್ಟಳು. "ಅವಳ ಬಾಯಿ ಬಿಡಿಸು, ಒಪ್ಪಿಸು" ಎಂದು ಅಣ್ಣ ದಿನಕ್ಕೆರಡು ಸಲ ಫೋನು. ಒಪ್ಪಿಸುವ ಉದ್ದೇಶವೇ ನನಗೂ ಇತ್ತು, ಸುಳ್ಳು ಹೇಳುವುದಿಲ್ಲ.

ಪುಟ್ಟಿ ಮಾತ್ರ ಹಜಾರದ ಕಂಬಕ್ಕೆ ಒರಗಿ ಮೊಬೈಲು ನೋಡುತ್ತ ಕೂತಿರುತ್ತಿದ್ದಳು. ಒಂದು ಮಧ್ಯಾಹ್ನ ಪಕ್ಕದಲ್ಲಿ ಕುಳಿತು ನಾನೂ ಇಣುಕಿದೆ. ಸಿನಿಮಾ ಎಂದುಕೊಂಡಿದ್ದೆ, ಅಲ್ಲ. ಒಂದು ಬಂದರಿನ ಊರಿನ ಚಿತ್ರ, ಅದರ ಮುಂದೆ ಕನ್ನಡಕದ ಒಬ್ಬ ಯುವಕನ ಚಿತ್ರ, ಕೆಳಗೆ ಎರಡು ಮೂರು ಸಾಲು ಇಂಗ್ಲಿಷು. ಬೆರಳು ತಾಗಿಸಿದರೆ ಮುಂದಿನ ಸಾಲು. ಹಿನ್ನೆಲೆಯಲ್ಲಿ ಸಣ್ಣಗೆ ಸಂಗೀತ. ಹೀಗೆ ಐದು ನಿಮಿಷ ಸಾಲುಗಳೇ ಬಂದವು. ಆಮೇಲೆ ಇದ್ದಕ್ಕಿದ್ದಂತೆ ಮೂರು ಉತ್ತರಗಳು ಬಂದು ನಿಂತವು. ಅದರಲ್ಲಿ ಒಂದನ್ನು ನಾವು ಆರಿಸಬೇಕು.

"ಇದನ್ನ ಓದ್ತೀಯೋ, ಆಡ್ತೀಯೋ?" ಎಂದೆ.

ಪುಟ್ಟಿ ಆ ವಾರದಲ್ಲಿ ಮೊದಲ ಸಲ ನಕ್ಕಳು. "ಅದೇ ಅತ್ತೆ ಜಗಳ! ಇದಕ್ಕೆ ವಿಷುವಲ್ ನಾವೆಲ್ ಅಂತಾರೆ. ಇದು ಪುಸ್ತಕದ ಜಾತೀನೋ ಆಟದ ಜಾತೀನೋ ಅಂತ ಇನ್ನೂ ತೀರ್ಮಾನ ಆಗಿಲ್ಲ."

ವಿವರಿಸಲು ಕೂತಳು. ಪಾಠ ಮಾಡುವವಳಿಗೇ ಪಾಠ. ಈ ಬಗೆ ಬೆಳೆದದ್ದು ಜಪಾನಿನಲ್ಲಿ. 1994ರಲ್ಲಿ ಕೊನಾಮಿ ಎಂಬ ಕಂಪನಿಯವರು 'ಟೋಕಿಮೆಕಿ ಮೆಮೋರಿಯಲ್' ಎಂಬ ಆಟ ತಂದರು. ಅದರಲ್ಲಿ ಆಡುವವನು ಹೈಸ್ಕೂಲು ಹುಡುಗ. ಮೂರು ವರ್ಷದ ಶಾಲಾ ಜೀವನ. ಪ್ರತಿ ವಾರ ಅವನು ವಿಜ್ಞಾನ ಓದಬೇಕೋ, ವ್ಯಾಯಾಮ ಮಾಡಬೇಕೋ, ವೇಷಭೂಷಣ ತಿದ್ದಿಕೊಳ್ಳಬೇಕೋ ಎಂದು ನಾವು ಹೇಳುತ್ತೇವೆ. ಹೇಳಿದಂತೆ ಅಂಕಿಗಳು ಏರುತ್ತವೆ, ಇಳಿಯುತ್ತವೆ. ಎಲ್ಲ ಅಂಕಿಗಳೂ ತಕ್ಕಷ್ಟಿದ್ದರೆ ಶಾಲೆ ಮುಗಿಯುವ ದಿನ ಒಂದು ಮರದ ಕೆಳಗೆ ಹುಡುಗಿ ಬಂದು ಪ್ರೀತಿಯನ್ನು ಒಪ್ಪಿಕೊಳ್ಳುತ್ತಾಳೆ. ಅದೇ 1994ರಲ್ಲಿ ಕೋಯಿ ಎಂಬ ಕಂಪನಿಯ ಹೆಣ್ಣುಮಕ್ಕಳ ತಂಡವೊಂದು ಹೆಣ್ಣುಮಕ್ಕಳು ಆಡಲೆಂದೇ 'ಆಂಜೆಲಿಕ್' ಎಂಬ ಆಟ ಮಾಡಿತು. ಅದರ ನಾಯಕಿ ರಾಣಿಯ ಪಟ್ಟಕ್ಕೆ ಸ್ಪರ್ಧಿಸುವವಳು. ಪಟ್ಟ ಬೇಕೋ ಪ್ರೀತಿ ಬೇಕೋ ಎಂಬುದು ಅಲ್ಲಿಯ ಪ್ರಶ್ನೆ. ಇದಕ್ಕೆ ತೀರ ಎದುರಾದ ಬಗೆಯೂ ಇದೆ. 2004ರಲ್ಲಿ ಬಂದ 'ಪ್ಲಾನೆಟೇರಿಯನ್'ನಲ್ಲಿ ಉತ್ತರ ಆರಿಸುವುದೇ ಇಲ್ಲ. ಚಿತ್ರ, ಸಂಗೀತ, ದನಿ ಎಲ್ಲ ಇದ್ದರೂ ಮೊದಲಿಂದ ಕೊನೆಯವರೆಗೆ ಓದುವುದಷ್ಟೇ. ಅಂಥದ್ದಕ್ಕೆ ಕೈನೆಟಿಕ್ ನಾವೆಲ್ ಎಂದು ಹೆಸರು. ಅದೇ 2004ರಲ್ಲಿ ಟಾಮ್ ರಾಥಮೆಲ್ ಎಂಬುವರು ಇಂಥವನ್ನು ಯಾರು ಬೇಕಾದರೂ ತಯಾರಿಸಬಹುದಾದ 'ರೆನ್‌ಪೈ' ಎಂಬ ಸಾಧನವನ್ನು ಬಿಟ್ಟಿಯಾಗಿ ಕೊಟ್ಟರು. ರೆನ್‌ಆಯ್ ಎಂದರೆ ಜಪಾನಿ ಭಾಷೆಯಲ್ಲಿ ಪ್ರಣಯ. ಸಾಧನದ ಹೆಸರಿನಲ್ಲೇ ಪ್ರಣಯವಿದೆ!

"ಅಂಕಿ, ಲೆಕ್ಕ ಎಲ್ಲ ಯಾಕೆ, ಕತೆ ಓದೋಕೆ ಬಿಡಿ ಅಂತ ಕೆಲವರು. ಏನೂ ಮಾಡೋಕಿಲ್ಲ ಅಂದ್ರೆ ಅದು ಆಟ ಹೇಗಾಗುತ್ತೆ ಅಂತ ಇನ್ನು ಕೆಲವರು. ನೀವು ಯಾವ ಕಡೆ ಅತ್ತೆ?"

ನಾನು ಓದಿನ ಕಡೆ ಎಂದೆ. ಮೇಷ್ಟ್ರ ಜಾತಿ ಇನ್ನೇನು ಹೇಳೀತು? ಆದರೆ ಹೇಳಿದ ಕೂಡಲೇ ಪೆನ್ಸಿಲಿನ ಎಂಟು ಸಾಲು ನೆನಪಾಯಿತು. ಬಸ್ಸನ್ನು ನಿಲ್ಲಿಸಿದ ದಿನ ನನಗೆ ಬೇಕಾಗಿದ್ದದ್ದು ಇದೇ ಅಲ್ಲವೇ? ಕೊನೆಯ ಪುಟದಲ್ಲಿ ಮೂರು ಉತ್ತರ ಬಂದು ನಿಂತಿದ್ದರೆ ಲೈಬ್ರರಿಯವನಿಗೆ ದಂಡ ಕಟ್ಟುವ ಪ್ರಮೇಯವೇ ಬರುತ್ತಿರಲಿಲ್ಲ.

ನಾವು ಓದುತ್ತಿದ್ದ ಕಾಲದಲ್ಲೂ ಓದು ಎಂದರೆ ಸುಮ್ಮನೆ ಕೂತಿರುವುದಾಗಿರಲಿಲ್ಲ. 'ಸುಧಾ', 'ತರಂಗ'ದ ಧಾರಾವಾಹಿಗಳನ್ನು ವಾರ ವಾರ ಕಾದು ಓದಿದವರಿಗೆ ಇದು ಗೊತ್ತು. ಒಂದು ಕಂತು ಮುಗಿದರೆ ಮುಂದಿನದಕ್ಕೆ ಏಳು ದಿನ. ಆ ಏಳು ದಿನ ಬಾವಿಯ ಕಟ್ಟೆಯಲ್ಲಿ, ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನಮ್ಮ ವಾದವೋ ವಾದ. ಅವಳು ಒಪ್ಪುತ್ತಾಳೆ, ಒಪ್ಪುವುದಿಲ್ಲ, ಅತ್ತೆಗೆ ಗೊತ್ತಾಗುತ್ತದೆ, ಆಗುವುದಿಲ್ಲ. ಕತೆಗಾರ್ತಿಯ ಮನಸ್ಸನ್ನು ಊಹಿಸುವುದೇ ನಮ್ಮ ಆಟ. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವವರು ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ನೀರು ಇಂಗಿ, ಒಳಗಿನ ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ನಡುವೆ ಒಡೆದು ನೋಡಿದರೆ ಅದು ಕಾಯೂ ಅಲ್ಲ, ಕೊಬ್ಬರಿಯೂ ಅಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಬಹುದು, ಅಷ್ಟೇ. ಧಾರಾವಾಹಿ ಓದುವುದೂ ಹಾಗೇ ಇತ್ತು.

"ಸರಿ, ಕೊಡು ಇಲ್ಲಿ, ನಾನೂ ಆಡ್ತೀನಿ" ಎಂದೆ. ಪುಟ್ಟಿ ಅದೇ ಬಂದರಿನ ಕತೆಯನ್ನು ಮೊದಲಿಂದ ಹಚ್ಚಿಕೊಟ್ಟಳು. ಇಂಗ್ಲಿಷು ತೊಡಕಾದ ಕಡೆ ಅವಳೇ ಹೇಳುತ್ತಿದ್ದಳು. ನಾಯಕಿ, ಎಂದರೆ ನಾನು, ಒಂದು ಚಹದಂಗಡಿಯ ಒಡತಿ. ತೀರಿಹೋದ ಅಜ್ಜಿಯಿಂದ ಬಂದ ಅಂಗಡಿ. ಅಲ್ಲಿಗೆ ಒಬ್ಬ ಡಾಕ್ಟರು, ಒಬ್ಬ ದೋಣಿ ಕಟ್ಟುವವನು, ಒಬ್ಬ ಪಿಟೀಲು ಮೇಷ್ಟ್ರು ಬರುತ್ತಾರೆ. ನಾನು ಡಾಕ್ಟರನ್ನು ಹಿಡಿದೆ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಹೃದಯ. ಅವನಿಗೆ ಮೆಚ್ಚುಗೆಯಾದರೆ ಅದು ಸ್ವಲ್ಪ ಸ್ವಲ್ಪವೇ ತುಂಬುತ್ತದೆ.

ನಾಲ್ಕು ಸಂಜೆ ಆಡಿದೆ. ಯಾವ ಉತ್ತರಕ್ಕೆ ಹೃದಯ ತುಂಬುತ್ತದೆ ಎಂಬುದು ಎರಡನೆಯ ಸಂಜೆಯ ಹೊತ್ತಿಗೇ ನನಗೆ ಗೊತ್ತಾಗಿಹೋಯಿತು. ಪ್ರಶ್ನೆಪತ್ರಿಕೆ ತೆಗೆಯುವವಳಿಗೆ ಸರಿಯುತ್ತರ ಪತ್ತೆ ಮಾಡುವುದು ಕಷ್ಟವೇ? ಅವನಿಗೆ ಮಳೆ ಇಷ್ಟ ಎಂದರೆ ನನಗೂ ಇಷ್ಟ. ಅವನು ತಡವಾಗಿ ಬಂದರೆ "ಪರವಾಗಿಲ್ಲ". ಕೊನೆಗೆ ಅವನು, ದೊಡ್ಡ ಪಟ್ಟಣದಲ್ಲಿ ಕೆಲಸ ಸಿಕ್ಕಿದೆ, ಅಂಗಡಿ ಮುಚ್ಚಿ ನನ್ನೊಡನೆ ಬರುತ್ತೀಯಾ ಎಂದ. ಮೂರು ಉತ್ತರ ಬಂದು ನಿಂತವು. "ನೀವು ಹೇಗೆ ಹೇಳಿದರೆ ಹಾಗೆ" ಎಂಬರ್ಥದ್ದನ್ನು ಒತ್ತಿದೆ. ಹೃದಯ ಪೂರ್ತಿ ತುಂಬಿತು. ಘಂಟೆ ಬಾರಿಸಿತು, ಹೂ ಉದುರಿತು, 'ಗುಡ್ ಎಂಡ್' ಎಂದು ಬಂತು. ಫಸ್ಟ್ ಕ್ಲಾಸಿನಲ್ಲಿ ಪಾಸಾದವಳಂತೆ ಪುಟ್ಟಿಯ ಮುಖ ನೋಡಿದೆ.

ಅವಳು ನಗಲಿಲ್ಲ. ಮೊಬೈಲು ತೆಗೆದುಕೊಂಡು ನಾನು ಆರಿಸಿದ ಉತ್ತರಗಳನ್ನೆಲ್ಲ ಹಿಂದಕ್ಕೆ ಸರಿಸಿ ಸರಿಸಿ ತೋರಿಸಿದಳು. "ನೋಡಿ ಅತ್ತೆ, ಇಷ್ಟರಲ್ಲಿ ನಿಮ್ಮ ಮನಸ್ಸಿನ ಮಾತು ಯಾವುದು?"

ನಾನು ನೋಡಿದೆ. ಒಂದೂ ಇರಲಿಲ್ಲ. ಅಂಗಡಿ ಮುಚ್ಚುವುದು ನನಗೆ ಕೊಂಚವೂ ಇಷ್ಟವಿರಲಿಲ್ಲ. ಎರಡನೆಯ ಸಂಜೆಯಿಂದ ನಾನು ಕತೆ ಓದುವುದನ್ನೇ ಬಿಟ್ಟಿದ್ದೆ, ಹೃದಯವನ್ನಷ್ಟೇ ನೋಡುತ್ತಿದ್ದೆ.

"ಭಾನುವಾರ ನಾನು ಮಾಡಿದ್ದೂ ಇದೇ" ಎಂದಳು ಪುಟ್ಟಿ. "ಅವರ ಅಮ್ಮ ಕೇಳಿದ್ದಕ್ಕೆಲ್ಲ ಯಾವ ಉತ್ತರ ಇಷ್ಟ ಆಗುತ್ತೆ ಅಂತ ನನಗೆ ಗೊತ್ತಿತ್ತು. ಅಡುಗೆ ಬರುತ್ತೆ. ಜೊತೇಲಿ ಇರೋಕೆ ಏನೂ ತೊಂದರೆ ಇಲ್ಲ. ಕೆಲಸ ಆಮೇಲೆ ನೋಡಿದ್ರಾಯ್ತು. ಎಲ್ಲಾ ಸರಿಯುತ್ತರ. ಅವರು ಒಪ್ಪಿದ್ದು ಆ ಉತ್ತರಗಳನ್ನ ಅತ್ತೆ, ನನ್ನನ್ನಲ್ಲ."

ನಾನು ಎದ್ದು ಒಳಗೆ ಹೋಗಿ ಕಾಫಿಗೆ ಇಟ್ಟೆ. ಹಾಲು ಕಾಯುವವರೆಗೆ 1994 ಕಣ್ಣ ಮುಂದೆಯೇ ಇತ್ತು. ನನ್ನನ್ನು ನೋಡಲು ಬಂದವರು, "ಬಿ.ಇಡಿ. ಮಾಡಿದ್ದೀಯಲ್ಲಮ್ಮ, ಮದುವೆಯಾದ ಮೇಲೂ ಕೆಲಸಕ್ಕೆ ಹೋಗ್ತೀಯೋ ಹೇಗೆ?" ಎಂದು ಕೇಳಿದ್ದರು. ಹೋಗಬೇಕು ಎಂದು ಎದೆಯೊಳಗೆ ಡೋಲು ಬಾರಿಸುತ್ತಿತ್ತು. ಬಾಯಿ ಹೇಳಿದ್ದು "ನಿಮ್ಮ ಇಷ್ಟ." ತುಂಬು ಹೃದಯ, ಪೂರ್ಣ ಅಂಕ. ನನ್ನ ಪುಣ್ಯಕ್ಕೆ ನಮ್ಮ ಯಜಮಾನರು ಒಳ್ಳೆಯವರು, ಕೆಲಸಕ್ಕೆ ಹೋಗು ಎಂದು ಅವರೇ ಹೇಳಿದರು. ಆದರೆ ಹೋಗಬೇಡ ಎಂದಿದ್ದರೆ? ನಾನೇ ಕೊಟ್ಟ ಉತ್ತರವಲ್ಲವೇ, ಯಾರ ಮೇಲೆ ದೂರು ಹೇಳಲಿ?

ಕಾಫಿ ಕುಡಿಯುತ್ತ ಕೂತಾಗ ಪುಟ್ಟಿಗೆ ಹೇಳಿದೆ. "ಇದಕ್ಕೇ ಕಣೇ ನಾನು ಓದಿನ ಕಡೆ. ಈ ಹೃದಯ ಪೂರ್ತಿ ತುಂಬಿದ ಮೇಲೆ ಆ ಡಾಕ್ಟರಿಗೆ ಬೇಡ ಅನ್ನೋ ದಾರಿಯೇ ಇಲ್ಲ. ಅವನು ಗೊಂಬೆ. ನಾವು ಚೌಕಾಬಾರ ಆಡ್ತೀವಲ್ಲ, ಎದುರಿಗೆ ಕೂತವರು ನನ್ನ ಕಾಯಿ ಹೊಡೀಬಹುದು ಅಂತಲೇ ಅದು ಆಟ. ಪ್ರೀತಿಯ ಕತೆಯಲ್ಲಿ ಒಬ್ಬರು ಬೇಡ ಅನ್ನಬಲ್ಲವರಾಗಿರಬೇಕು. ಇಲ್ಲದಿದ್ದರೆ ಬೇಕು ಅಂದದ್ದಕ್ಕೆ ಬೆಲೆ ಏನು?"

ಅವಳಿಗೆ ಪುಟ್ಟಣ್ಣ ಕಣಗಾಲರ 'ಬೆಳ್ಳಿ ಮೋಡ'ದ ಕತೆ ಹೇಳಿದೆ. ತ್ರಿವೇಣಿಯವರ ಕಾದಂಬರಿಯಿಂದ 1967ರಲ್ಲಿ ಮಾಡಿದ ಚಿತ್ರ. ಮೋಹನ ಇಂದಿರೆಯ ಅಪ್ಪನ ದುಡ್ಡಿನಲ್ಲಿ ಅಮೆರಿಕಕ್ಕೆ ಹೋಗಿ ಓದಿ ಬರುತ್ತಾನೆ. ಅಷ್ಟರಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟಿ ಆಸ್ತಿ ಇಂದಿರೆಗಲ್ಲ ಎಂದಾದಾಗ ಮದುವೆಗೆ ಹಿಂಜರಿಯುತ್ತಾನೆ. ಕಾಲು ಮುರಿದುಕೊಂಡು ಬಿದ್ದಾಗ ಅವಳೇ ಅವನ ಆರೈಕೆ ಮಾಡುತ್ತಾಳೆ. ಆಗ ಅವನ ಮನಸ್ಸು ತಿರುಗುತ್ತದೆ. ಆದರೆ ಕಲ್ಪನಾ ಮಾಡಿದ ಆ ಇಂದಿರಾ ಕೊನೆಗೆ ಒಲ್ಲೆ ಎನ್ನುತ್ತಾಳೆ. ಅಂಕದ ಆಟವಾಗಿದ್ದರೆ ಆರೈಕೆ ಮಾಡಿದ್ದಕ್ಕೆ ಇಷ್ಟು, ತಾಳ್ಮೆಗೆ ಇಷ್ಟು ಎಂದು ಕೂಡಿಸಿ ಮದುವೆ ಮಾಡಿಸಿಬಿಡುತ್ತಿತ್ತು. ನನ್ನ ರಟ್ಟಿಲ್ಲದ ಕಾದಂಬರಿಯ ಮೇಡಂ ಕೂಡ ಹಾಗೆಯೇ. ನಾನು ಎಂಟು ಸಾಲು ಬರೆದರೂ ಅವಳು ಬಸ್ಸಿನ ಹಿಂದೆ ಓಡಲಿಲ್ಲ. ಅವಳ ಬೇಡವನ್ನು ನಾನು ಬದಲಾಯಿಸಲಾರದೆ ಮೂವತ್ತೆಂಟು ವರ್ಷ ಹೊತ್ತುಕೊಂಡು ತಿರುಗಿದ್ದೇನೆ. ಬಿ.ಇಡಿ.ಗೆ ಅರ್ಜಿ ಹಾಕುವ ದಿನ ದೀಪದ ಮುಂದೆ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದ ಆ ಹೆಂಗಸು ನೆನಪಾಗಿದ್ದಳು. ನನ್ನ ಮುಕ್ತಾಯದಂತೆ ಮದುವೆಯಾಗಿದ್ದರೆ ಅವಳು ಎಂದೋ ಮರೆತುಹೋಗುತ್ತಿದ್ದಳು.

ಪುಟ್ಟಿ ಪೂರ್ತಿ ಕೇಳಿಸಿಕೊಂಡಳು. ಆದರೆ ಒಪ್ಪಲಿಲ್ಲ. "ಲೆಕ್ಕದ ಹೃದಯ ಕೆಟ್ಟದ್ದು ಅನ್ನಿ, ಒಪ್ತೀನಿ. ಫೋನಿನ ಕೆಲವು ಆಟಗಳಲ್ಲಂತೂ ಒಳ್ಳೇ ಉತ್ತರ ಬೇಕಾದರೆ ದುಡ್ಡು ಕೊಟ್ಟು ವಜ್ರ ಕೊಳ್ಳಬೇಕು. ಆದರೆ ಆರಿಸೋದೇ ತಪ್ಪು ಅನ್ನಬೇಡಿ. ಆಟ ಮಾಡುವವರಿಗೂ ಇದು ಗೊತ್ತಿದೆ" ಎಂದು ಇನ್ನೊಂದರ ಹೆಸರು ಹೇಳಿದಳು. 2017ರಲ್ಲಿ ಬಂದ 'ಡೋಕಿ ಡೋಕಿ ಲಿಟರೇಚರ್ ಕ್ಲಬ್'. ಶಾಲೆಯ ಸಾಹಿತ್ಯ ಸಂಘದ ಕತೆ. ಅದರಲ್ಲಿ ಆಡುವವನು ಇಪ್ಪತ್ತು ಪದ ಆರಿಸಿ ಕವನ ಬರೆಯಬೇಕು. ಒಬ್ಬೊಬ್ಬ ಹುಡುಗಿಗೂ ಮೆಚ್ಚುಗೆಯಾಗುವ ಪದಗಳು ಬೇರೆ ಬೇರೆ. ಮೆಚ್ಚಿದ ಪದ ಒತ್ತಿದರೆ ಮೂಲೆಯಲ್ಲಿರುವ ಹುಡುಗಿಯ ಚಿತ್ರ ಕುಣಿಯುತ್ತದೆ. ಕನ್ನಡ ಪಾಠ ಮಾಡುವ ನನಗೆ ಅದು ಕೇಳಿ ನಗು ಬಂತು, ಇಪ್ಪತ್ತು ಪದಕ್ಕೆ ಒಲಿಯುವುದಾದರೆ ಕವಿಗಳೆಲ್ಲ ಎಷ್ಟು ಸುಖವಾಗಿರುತ್ತಿದ್ದರು! "ನಗಬೇಡಿ, ಮುಂದೆ ಅದು ಭಯಾನಕವಾಗುತ್ತೆ. ಎದೆ ಗಟ್ಟಿ ಇಲ್ಲದವರು ಆಡಬಾರದು ಅಂತ ಮೊದಲೇ ಎಚ್ಚರಿಕೆ ಕೊಟ್ಟಿರ್ತಾರೆ. ಮೆಚ್ಚಿಸೋ ಆಟ ಅಂತ ಒಳಗೆ ಬಂದವರಿಗೆ ಅದೇ ಆಟ ತಿರುಗಿಸಿ ಹೊಡೆಯುತ್ತೆ" ಎಂದಳು.

"ನಿಮ್ಮ ಕಾಲದಲ್ಲೂ ಇತ್ತಲ್ಲ ಅತ್ತೆ, ಬೇತಾಳನ ಕತೆ?" ಎಂದು ಕೇಳಿದವಳೂ ಅವಳೇ. ಇತ್ತು. 'ಚಂದಮಾಮ'ದಲ್ಲಿ ಓದಿದ್ದು, ನಮ್ಮಜ್ಜಿ ಹೇಳಿದ್ದು. ಮಂದಾರವತಿ ಎಂಬ ಹುಡುಗಿಯನ್ನು ಮೂವರು ಬಯಸುತ್ತಾರೆ. ಅವಳು ಸತ್ತುಹೋಗುತ್ತಾಳೆ. ಒಬ್ಬ ಅವಳ ಬೂದಿಯ ಮೇಲೆ ಮಲಗುತ್ತಾನೆ, ಒಬ್ಬ ಮೂಳೆ ಗಂಗೆಗೆ ಒಯ್ಯುತ್ತಾನೆ, ಒಬ್ಬ ಮಂತ್ರ ಕಲಿತು ಬಂದು ಬದುಕಿಸುತ್ತಾನೆ. ಗಂಡನಾಗಬೇಕಾದವನು ಯಾರು ಎಂದು ಬೇತಾಳನ ಪ್ರಶ್ನೆ. ಬೂದಿಯ ಮೇಲೆ ಮಲಗಿದವನು ಎಂದು ರಾಜನ ಉತ್ತರ. ಅಜ್ಜಿ ಪ್ರಶ್ನೆಯ ಹತ್ತಿರ ಕತೆ ನಿಲ್ಲಿಸಿ ನಮ್ಮನ್ನು ಕೇಳುತ್ತಿದ್ದಳು. ನಾವು ಗುದ್ದಾಡಿಕೊಂಡು ಮೂರೂ ಉತ್ತರ ಹೇಳುತ್ತಿದ್ದೆವು.

"ಮಂದಾರವತೀನ ಯಾರಾದರೂ ಕೇಳಿದರಾ?" ಎಂದಳು ಪುಟ್ಟಿ.

ಐವತ್ತೈದು ವರ್ಷಕ್ಕೆ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಅಜ್ಜಿಗೂ ಹೊಳೆದಿರಲಿಲ್ಲ, ಬೇತಾಳನಿಗೂ ಹೊಳೆದಿರಲಿಲ್ಲ.

ಆಮೇಲೆ ಅವಳು ಹೇಳಿದ ಮಾತನ್ನು ಆದಷ್ಟು ಅವಳ ಮಾತಿನಲ್ಲೇ ಬರೆಯುತ್ತೇನೆ. "ಓದುವಾಗ ಬೇಡ ಅನ್ನೋರು ಬೇರೆಯವರು ಅತ್ತೆ. ನಾವು ಕಿಟಕಿಯಲ್ಲಿ ನಿಂತು ನೋಡ್ತೀವಿ, ಅಳ್ತೀವಿ, ಪುಸ್ತಕ ಮುಚ್ಚಿ ಎದ್ದು ಬಂದು ನಿಮ್ಮ ಇಷ್ಟ ಅಂತೀವಿ. ಈ ಚಹದಂಗಡಿ ಆಟದಲ್ಲಿ ನಾನೂ ಡಾಕ್ಟರವರೆಗೆ ಬಂದೆ. ಅಂಗಡಿ ಮುಚ್ಚಬೇಕು ಅಂದಾಗ ಅರ್ಧ ಗಂಟೆ ಮೊಬೈಲು ಹಿಡ್ಕೊಂಡು ಕೂತಿದ್ದೆ. ಆಮೇಲೆ 'ಇಲ್ಲ, ನಾನು ಇಲ್ಲೇ ಇರ್ತೀನಿ' ಅನ್ನೋದನ್ನ ಒತ್ತಿದೆ. ಬೆರಳು ನಡುಗ್ತಿತ್ತು, ನಗಬೇಡಿ. ನನ್ನ ಜೀವನದಲ್ಲಿ ನಾನು ಯಾರಿಗಾದರೂ ಬೇಡ ಅಂತ ಹೇಳಿದ್ದು ಅದೇ ಮೊದಲು."

"ಹೇಳಿದ್ದಕ್ಕೆ ಏನಾಯ್ತು?"

"ಅವನು ಹೋದ. ಸಂಜೆ ಬೆಳಕಲ್ಲಿ ಅಂಗಡಿಯೊಳಗೆ ಅವಳು ಒಬ್ಬಳೇ ಲೋಟ ಒರೆಸ್ತಾ ನಿಂತಿರೋ ಚಿತ್ರ. ಮೇಲೆ 'ಬ್ಯಾಡ್ ಎಂಡ್' ಅಂತ ಬಂತು. ನನಗೇನೂ ಬ್ಯಾಡ್ ಅನ್ನಿಸಲಿಲ್ಲ."

ಲೋಟ ಒರೆಸುವವಳು ಒಬ್ಬಳು, ಉತ್ತರ ಪತ್ರಿಕೆ ತಿದ್ದುವವಳು ಇನ್ನೊಬ್ಬಳು. ಹದಿನಾರರಲ್ಲಿ ನಾನು ಯಾವುದನ್ನು ಕೆಟ್ಟ ಮುಕ್ತಾಯ ಎಂದು ತಿದ್ದಿದ್ದೆನೋ ಅದನ್ನೇ ಈ ಹುಡುಗಿ ಬೆರಳು ನಡುಗಿಸಿಕೊಂಡು ಆರಿಸಿದ್ದಳು. ಅವಳ ಆಟವನ್ನು ನಾನು ಇನ್ನು ಹೇಗೆ ಹಳಿಯಲಿ? ಓದು ನನಗೆ ಇನ್ನೊಬ್ಬಳ ಬೇಡವನ್ನು ತೋರಿಸಿತು, ಗೌರವಿಸುವುದನ್ನೂ ಕಲಿಸಿತೆಂದೇ ನಂಬಿದ್ದೇನೆ. ಆದರೆ ಅದನ್ನು ನನ್ನ ಬಾಯಿಗೆ ತಂದುಕೊಡಲಿಲ್ಲ. ಆಟ ಅವಳ ಬೆರಳಿಗೆ ಅದನ್ನು ತಂದುಕೊಟ್ಟಿತು. ಎರಡನ್ನೂ ಕೆಡಿಸುವುದು ಮೂಲೆಯಲ್ಲಿ ಕೂತ ಆ ಹೃದಯ, ಎಂದರೆ ಅಂಕ. ಅಂಕ ಕಂಡರೆ ನಾವು ಕತೆಯನ್ನೂ ಮರೆಯುತ್ತೇವೆ, ನಮ್ಮನ್ನೂ ಮರೆಯುತ್ತೇವೆ. ಶಾಲೆಯಲ್ಲಿ ಮೂವತ್ತು ವರ್ಷ ಅದನ್ನೇ ನೋಡಿದ್ದೇನಲ್ಲ, ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಂದು ರಾತ್ರಿ ಅಣ್ಣನಿಗೆ ನಾನೇ ಫೋನು ಮಾಡಿದೆ. "ಒಪ್ಪಿದಳಾ?" ಎಂದ.

"ಇಲ್ಲ ಕಣಣ್ಣ. ಈ ಸಂಬಂಧ ಬೇಡ. ಹುಡುಗನ ಕಡೆಯವರಿಗೆ ನಾನೇ ಹೇಳ್ತೀನಿ, ತಂದವಳು ನಾನೇ ಅಲ್ವಾ."

ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅತ್ತಿಗೆ ಪಕ್ಕದಲ್ಲೇ ಇದ್ದರೆಂದು ಕಾಣುತ್ತದೆ, "ಏನಂತೆ, ಏನಂತೆ" ಎನ್ನುವುದು ಕೇಳಿಸುತ್ತಿತ್ತು. "ನಿನ್ನನ್ನ ಒಪ್ಪಿಸು ಅಂತ ಕಳಿಸಿದ್ರೆ ನೀನೇ ಒಪ್ಪಿಬಿಟ್ಟೆಯಾ" ಎಂದು ಕೋಪದಲ್ಲೇ ಇಟ್ಟ. ಎರಡು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಶಾಲೆಯಲ್ಲಿ ಆ ಜೊತೆಯವರ ಮುಖ ನೋಡುವುದೂ ಕಷ್ಟವಾಯಿತು. ಬೇಡ ಎನ್ನುವುದು ಪುಕ್ಕಟೆಯಲ್ಲ, ಅದಕ್ಕೆ ಕೊಡಬೇಕಾದದ್ದನ್ನು ಕೊಡಲೇಬೇಕು. ಆದರೆ ಅದನ್ನು ಪುಟ್ಟಿ ಒಬ್ಬಳೇ ಕೊಡದಂತೆ ನಾನೂ ಪಾಲು ಹಾಕಿದೆನಲ್ಲ ಎಂಬ ಸಮಾಧಾನ ಇದೆ. ಸಂಕ್ರಾಂತಿಗೆ ಅಣ್ಣ ಎಳ್ಳು ಬೆಲ್ಲ ತಂದ. ಮದುವೆಯ ಮಾತು ತೆಗೆಯಲಿಲ್ಲ. ಅಷ್ಟು ಸಾಕು.

ಪುಟ್ಟಿ ಬೆಂಗಳೂರಿಗೆ ಹೊರಡುವ ದಿನ ತಿಪಟೂರಿನವರೆಗೂ ಹೋಗಿ ರೈಲಿಗೆ ಹತ್ತಿಸಿ ಬಂದೆ. ಆ ಸರ್ಕ್ಯುಲೇಟಿಂಗ್ ಲೈಬ್ರರಿ ಇದ್ದ ಜಾಗದಲ್ಲಿ ಈಗ ಮೊಬೈಲು ರಿಪೇರಿ ಅಂಗಡಿ ಇದೆ. ಅದನ್ನು ತೋರಿಸಿ, "ಆ ಪುಸ್ತಕ ಎಲ್ಲಾದರೂ ಸಿಕ್ಕಿದರೆ ನನ್ನ ಎಂಟು ಸಾಲು ರಬ್ಬರಿನಿಂದ ಉಜ್ಜಿ ಬರಬೇಕು ಕಣೇ" ಎಂದೆ.

"ಯಾಕೆ ಅತ್ತೆ ಉಜ್ಜಬೇಕು? ಇರಲಿ ಬಿಡಿ" ಎಂದಳು. "ಆವತ್ತು ನೀವು ಕೇಳದೇನೇ ನಿಮ್ಮ ಇಷ್ಟ ಏನು ಅಂತ ಬರೆದಿದ್ರಲ್ಲ."